ಮೂವತ್ತು ದಾಟಿದ ಮಿಯಾಟಾ: ಮೊದಲು ಟೈರು, ಆಮೇಲೆ ರಬ್ಬರು, ಸ್ಪ್ರಿಂಗ್ ಕಟ್ಟಕಡೆಗೆ

ಪ್ರಶ್ನೆ: ಒಹಾಯೊದ ಕೊಲಂಬಸ್‌ನಲ್ಲಿದ್ದೇನೆ ಸರ್. ಹೋದ ಬೇಸಿಗೆಯಲ್ಲಿ 1992ರ ಮಾಜ್ಡಾ ಮಿಯಾಟಾ ಕೊಂಡೆ, ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. 1.6 ಲೀಟರ್ ಎಂಜಿನ್, 1,38,000 ಮೈಲಿ ಓಡಿದೆ. ಶಾಕ್, ಕೀಲುಗಳಲ್ಲಿನ ರಬ್ಬರ್ ಬುಷ್ ಯಾವುದನ್ನೂ ಇದುವರೆಗೆ ಬದಲಿಸಿದಂತೆ ಕಾಣುವುದಿಲ್ಲ. ಸಣ್ಣ ಗುಂಡಿಗೆ ಇಳಿದರೂ ಮುಂದಿನ ಎಡ ಚಕ್ರದ ಕಡೆ ಕಟಕಟ ಅನ್ನುತ್ತದೆ. ಹೈವೇಯಲ್ಲಿ ಸ್ಟೀರಿಂಗ್ ತಿದ್ದುತ್ತಲೇ ಇರಬೇಕು, ಅರವತ್ತು ಮೈಲಿ ವೇಗ ದಾಟಿದರೆ ಅದು ನಡುಗುತ್ತದೆ. ಗೆಳೆಯರೊಬ್ಬರು ‘ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿ ಒಂದೂವರೆ ಇಂಚು ಇಳಿಸಿ, ಎಲ್ಲ ಸರಿಹೋಗುತ್ತೆ’ ಅಂತಾರೆ. ಇಲ್ಲಿನ ಗ್ಯಾರೇಜಿನವರು ಇಡೀ ಸಸ್ಪೆನ್ಷನ್ ಬದಲಿಸಬೇಕು ಅಂತಾರೆ. ಮನೆಯಲ್ಲಿ ನಾನೇ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಕಾಯಿಲ್‌ಓವರ್‌ಗೆ ಆರ್ಡರ್ ಹಾಕಿಲ್ಲ ತಾನೇ? ಹಾಕಿದ್ದರೆ ರದ್ದು ಮಾಡಿ. ಸಡಿಲವಾಗಿರುವ ಗಾಡಿಯನ್ನು ಗಡಸು ಮಾಡಿದರೆ ಸಡಿಲು ಹೋಗುವುದಿಲ್ಲ. ಬುಷ್ ಸವೆದ ಕಾರಿಗೆ ಬಿಗಿ ಸ್ಪ್ರಿಂಗ್ ಕೂರಿಸಿದರೆ ಆ ಬುಷ್‌ಗಳ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ, ಅಷ್ಟೆ. ನಿಮ್ಮ ಗ್ಯಾರೇಜಿನವರ ಮಾತು ಸತ್ಯಕ್ಕೆ ಹತ್ತಿರವಿದೆ. ಆದರೆ ‘ಇಡೀ ಸಸ್ಪೆನ್ಷನ್’ ಎಂದು ಒಂದೇ ಮಾತಿನಲ್ಲಿ ಹೇಳುವವರು ಸಾಮಾನ್ಯವಾಗಿ ಗಾಡಿಯ ಕೆಳಗೆ ಸರಿಯಾಗಿ ನೋಡಿರುವುದಿಲ್ಲ.

1989ರ ಫೆಬ್ರವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಈ ಕಾರು ಹೊರಬಂದಾಗ ಅದರ ಬೆಲೆಗೆ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಕೊಟ್ಟಿದ್ದು ಸಣ್ಣ ಸಂಗತಿಯಲ್ಲ. ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್. ಕಾರು ತಿರುವಿನಲ್ಲಿ ವಾಲಿದಾಗಲೂ ಟೈರು ರಸ್ತೆಗೆ ಚಪ್ಪಟೆಯಾಗಿ ಕೂತಿರಲಿ ಎನ್ನುವುದು ಈ ಜೋಡಣೆಯ ಉದ್ದೇಶ. ಆದರೆ ಎರಡು ಆರ್ಮ್ ಎಂದರೆ ಕೀಲುಗಳೂ ಹೆಚ್ಚು. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲು ಬಂದರೂ ಎಲ್ಲ ಕೂಡಿಕೊಂಡು ಚಕ್ರದ ತುದಿಗೆ ಬರುವಷ್ಟರಲ್ಲಿ ನೀವು ಬರೆದಿರುವ ‘ಸದಾ ತಿದ್ದುವ’ ಸ್ಟೀರಿಂಗ್ ಆಗುತ್ತದೆ. ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಭಾರದ ಸೆಡಾನ್ ನುಂಗಿಕೊಂಡು ಹೋಗುವ ಸಡಿಲನ್ನು ಇದು ನಿಮ್ಮ ಕೈಗೆ ನೇರವಾಗಿ ಒಪ್ಪಿಸಿಬಿಡುತ್ತದೆ.

ದುಡ್ಡು ಖರ್ಚಾಗದ ಕೆಲಸ ಮೊದಲು ಮುಗಿಸೋಣ. ಟೈರಿನ ಗೋಡೆಯ ಮೇಲೆ ಡಿಓಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2314 ಎಂದಿದ್ದರೆ 2014ರ ಇಪ್ಪತ್ತಮೂರನೇ ವಾರ ತಯಾರಾದದ್ದು. ವಾರಾಂತ್ಯಕ್ಕೆ ಮಾತ್ರ ಹೊರಬರುವ ಇಂಥ ಕಾರುಗಳಲ್ಲಿ ಟೈರಿನ ಗೀರುಗಳು ಆಳವಾಗಿಯೇ ಇರುತ್ತವೆ, ರಬ್ಬರು ಮಾತ್ರ ಒಣಗಿ ಕಲ್ಲಾಗಿರುತ್ತದೆ. ಹತ್ತು ವರ್ಷ ದಾಟಿದ ಟೈರಿದ್ದರೆ ಸಸ್ಪೆನ್ಷನ್ ಮಾತೇ ಬೇಡ, ಮೊದಲು ಅದನ್ನು ಬದಲಿಸಿ. ಮೂಲ ಅಳತೆ 185/60 ಆರ್ 14. ಈಗ ಹದಿನಾಲ್ಕು ಇಂಚಿನಲ್ಲಿ ಒಳ್ಳೆಯ ಟೈರು ಕಡಿಮೆ, ಹಾಗಾಗಿ ಬಹಳ ಜನ 15 ಇಂಚಿನ ರಿಮ್ಮಿಗೆ 195/50 ಹಾಕಿಸುತ್ತಾರೆ. ಗಾಳಿ ಎಷ್ಟಿದೆ ಎಂದೂ ನೋಡಿ. ಕಂಪನಿ ಹೇಳಿದ್ದು ನಾಲ್ಕಕ್ಕೂ 26 ಪಿಎಸ್‌ಐ. ಆಯಿಲ್ ಬದಲಿಸುವ ಅಂಗಡಿಗಳಲ್ಲಿ ಕೈ ಅಭ್ಯಾಸಕ್ಕೆ 33, 35 ತುಂಬಿ ಕಳಿಸುತ್ತಾರೆ, ಇಷ್ಟು ಹಗುರದ ಕಾರು ಅದಕ್ಕೇ ಪುಟಿಯತೊಡಗುತ್ತದೆ. ಅರವತ್ತು ದಾಟಿದಾಗಿನ ನಡುಕ ಬಹುಪಾಲು ಚಕ್ರದ ಬ್ಯಾಲೆನ್ಸಿಂಗ್‌ನದು, ಇಲ್ಲವೇ ಸೊಟ್ಟಗಾದ ರಿಮ್ಮಿನದು. ಈ ಕಾರಿನ ಮುಂಭಾಗ ಇದರ ಬಗ್ಗೆ ಬಲು ಸೂಕ್ಷ್ಮ. ಬ್ಯಾಲೆನ್ಸ್ ಮಾಡಿಸಿದ ಮೇಲೂ ನಡುಕ ಉಳಿದರೆ ಆಗ ಬುಷ್, ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಕಡ್ಡಿಯ ತುದಿಯ ಕೀಲು) ಕಡೆ ತಿರುಗಿ.

ಇನ್ನು ಕಟಕಟ. ಸಣ್ಣ ಗುಂಡಿಗೇ, ನಿಧಾನದಲ್ಲೇ, ಒಂದೇ ಕಡೆ ಸದ್ದು ಬಂದರೆ ನನ್ನ ಮೊದಲ ಅನುಮಾನ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್‌ನ ಎಂಡ್ ಲಿಂಕ್ ಮೇಲೆ. ಬೆರಳುದ್ದದ ಕಡ್ಡಿ, ಎರಡು ತುದಿಗೂ ಪುಟ್ಟ ಬಾಲ್ ಜಾಯಿಂಟ್. ರಬ್ಬರ್ ಟೋಪಿ ಹರಿದು ನೀರು ಹೊಕ್ಕಿದರೆ ಒಳಗಿನ ಗ್ರೀಸು ತುಕ್ಕಿನ ಗಸಿಯಾಗಿ, ಗುಂಡು ಕುಳಿಯೊಳಗೆ ಕುಣಿಯತೊಡಗುತ್ತದೆ. ಪರೀಕ್ಷೆ ಸುಲಭ: ಮುಂದಿನ ಎರಡೂ ಲಿಂಕ್ ಕಳಚಿ, ಬಾರ್ ಎಲ್ಲಿಯೂ ತಗುಲದಂತೆ ಕಟ್ಟಿಟ್ಟು, ಮನೆ ಹತ್ತಿರದ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ. ಕಾರು ಹೆಚ್ಚು ವಾಲುತ್ತದೆ, ಹೆದರಬೇಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ.

ನಿಲ್ಲದಿದ್ದರೆ ಬಾನೆಟ್ ತೆಗೆದು ಶಾಕ್ ಟವರಿನ ಮೇಲೆ ಅಂಗೈ ಇಡಿ, ಇನ್ನೊಬ್ಬರಿಗೆ ಕಾರಿನ ಮೂಲೆಯನ್ನು ಒತ್ತಿ ಒತ್ತಿ ಬಿಡಲು ಹೇಳಿ. ಶಾಕ್‌ನ ಮೇಲ್ತುದಿ ಹಿಡಿದಿರುವ ಟಾಪ್ ಮೌಂಟ್ ಸತ್ತಿದ್ದರೆ ಪ್ರತಿ ಒತ್ತಿಗೂ ಅಂಗೈಗೆ ‘ಟಕ್’ ಎಂದು ತಟ್ಟುತ್ತದೆ. ಆಮೇಲೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಪ್ಲೇ, ಅಂದರೆ ಸಡಿಲು, ಇದ್ದರೆ ಬಾಲ್ ಜಾಯಿಂಟ್ ಅಥವಾ ವ್ಹೀಲ್ ಬೇರಿಂಗ್. ಇನ್ನೊಬ್ಬರು ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್, ಉಳಿದರೆ ಜಾಯಿಂಟ್. ಎಡ ಬಲ ಹಿಡಿದು ಅಲುಗಿಸಿದಾಗ ಮಾತ್ರ ಪ್ಲೇ ಸಿಕ್ಕರೆ ಟೈ ರಾಡ್ ಎಂಡ್ ನೋಡಿ. ಕೆಳಗಿನ ಬಾಲ್ ಜಾಯಿಂಟ್ ಬಿಡಿಯಾಗಿ ಸಿಗುತ್ತದೆ, ಮುಂದಿನ ಮೇಲಿನದು ಆರ್ಮಿನ ಜೊತೆಗೇ ಬರುತ್ತದೆ. ಜಾಯಿಂಟ್ ಬಿಡಿಸಲು ಕವೆಗೋಲಿನಂಥ ಫೋರ್ಕ್ ಬಡಿಯಬೇಡಿ. ಅದು ರಬ್ಬರ್ ಟೋಪಿಯನ್ನು ಹರಿದೇ ತೀರುತ್ತದೆ. ಸ್ಕ್ರೂ ತಿರುಗಿಸುವ ಪುಲ್ಲರ್ ಬಳಸಿ.

ಶಾಕ್ ಪರೀಕ್ಷೆ ಎಂದರೆ ಮೂಲೆಯನ್ನು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವುದು, ನಮ್ಮೂರಿನಿಂದ ಒಹಾಯೊವರೆಗೆ ಎಲ್ಲರಿಗೂ ಗೊತ್ತಿರುವ ವಿದ್ಯೆ. ಅದನ್ನು ಪೂರ್ತಿ ನಂಬಬೇಡಿ. ಕೈಯಿಂದ ಒತ್ತುವಾಗ ಪಿಸ್ಟನ್ ಬಹಳ ನಿಧಾನಕ್ಕೆ ಚಲಿಸುತ್ತದೆ, ಹಳೆ ಬುಷ್‌ಗಳ ಬಿಗಿತವೂ ಸೇರಿಕೊಂಡು ಸತ್ತ ಶಾಕ್ ಕೂಡ ಬದುಕಿದ್ದಂತೆ ನಟಿಸುತ್ತದೆ. ನಿಮ್ಮ ಕಾರಿಗೆ ಪರೀಕ್ಷೆಯ ಅಗತ್ಯವೇ ಇಲ್ಲ. 1,38,000 ಮೈಲಿ ಓಡಿದ ಮೂಲ ಶಾಕ್ ಎಂದಿದ್ದೀರಿ, ಅದರ ಆಯಸ್ಸು ಎಂದೋ ಮುಗಿದಿದೆ. ದೂಳುಕವಚ ಎತ್ತಿ ನೋಡಿ, ರಾಡಿನ ಸುತ್ತ ಇರುವ ಫೋಮಿನ ಬಂಪ್ ಸ್ಟಾಪ್ ಬೆರಳಿಗೆ ತಾಗಿದರೆ ಪುಡಿಪುಡಿಯಾಗಿ ಉದುರುವುದೇ ಹೆಚ್ಚು.

ಆ ಫೋಮಿನ ತುಂಡನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಕಾರಿನಲ್ಲಿ ಮಾತ್ರ ತೆಗೆದುಕೊಳ್ಳಲೇಬೇಕು. ಮೊದಲ ತಲೆಮಾರಿನ ಮಿಯಾಟಾದಲ್ಲಿ ಚಕ್ರ ಮೇಲೇರಲು ಇರುವ ಜಾಗವೇ ಕಡಿಮೆ. ದೊಡ್ಡ ಗುಂಡಿಯಲ್ಲಿ ಶಾಕ್ ಬಂಪ್ ಸ್ಟಾಪ್‌ಗೆ ಬೇಗ ತಗುಲುತ್ತದೆ. ಅದು ಹಂತಹಂತವಾಗಿ ಬಿಗಿಯಾಗುತ್ತಾ ಎರಡನೇ ಸ್ಪ್ರಿಂಗಿನಂತೆ ಕೆಲಸ ಮಾಡಲಿ ಎಂದೇ ಹಾಗೆ ರೂಪಿಸಿದ್ದಾರೆ. ಫೋಮ್ ಉದುರಿಹೋದರೆ ಲೋಹಕ್ಕೆ ಲೋಹ ಬಡಿಯುತ್ತದೆ. ಈಗ ನಿಮ್ಮ ಗೆಳೆಯರ ಒಂದೂವರೆ ಇಂಚನ್ನು ಲೆಕ್ಕ ಹಾಕಿ: ಇರುವ ಚೂರು ಜಾಗದಲ್ಲಿ ಅಷ್ಟನ್ನು ಕಾರು ನಿಂತಲ್ಲೇ ತಿಂದು ಹಾಕುತ್ತದೆ. ಉಳಿದ ಆಯುಷ್ಯವೆಲ್ಲ ಬಂಪ್ ಸ್ಟಾಪ್ ಮೇಲೆ ಕುಕ್ಕುತ್ತಾ ಓಡುತ್ತದೆ, ಒದ್ದೆ ರಸ್ತೆಯ ತಿರುವಿನ ಮಧ್ಯೆ ಒಂದು ಉಬ್ಬು ಸಿಕ್ಕರೆ ಹಿಂಭಾಗ ಹಾರಿ ಪಕ್ಕಕ್ಕೆ ಕೂರುತ್ತದೆ. ಚಂದಕ್ಕೆ ತಗ್ಗಿಸಿದ ಮಿಯಾಟಾಗಳು ಫೋಟೊದಲ್ಲಿ ಚೆನ್ನ, ಓಡಿಸಲು ಅಲ್ಲ. ಇದು ನನ್ನ ಖಚಿತ ಅಭಿಪ್ರಾಯ, ಬೈದರೂ ಬದಲಿಸುವುದಿಲ್ಲ.

ಹೊಸ ಶಾಕ್ ಯಾವುದು ಎಂದರೆ, ಮೂಲ ಸ್ಪ್ರಿಂಗ್ ಇಟ್ಟುಕೊಳ್ಳುವವರಿಗೆ ಕೆವೈಬಿ ಕಡಿಮೆ ಬೆಲೆಯ ದಾರಿ, ಕೋನಿ ಹೆಚ್ಚು ನಯ, ಬಿಲ್‌ಸ್ಟೈನ್ ತುಸು ಬಿಗಿ. ನನಗೆ ಬಿಟ್ಟರೆ ದಿನವೂ ಓಡಿಸುವ ಕಾರಿಗೆ ಕೋನಿ. ಸ್ಪ್ರಿಂಗ್ ತುಂಡಾಗಿಲ್ಲದಿದ್ದರೆ, ಎಡ ಬಲದ ಎತ್ತರ ಒಂದೇ ಇದ್ದರೆ, ಹಳೆಯದೇ ಇರಲಿ. ಉಕ್ಕಿನ ಸ್ಪ್ರಿಂಗ್ ರಬ್ಬರಿನ ಹಾಗೆ ಮುಪ್ಪಾಗುವುದಿಲ್ಲ. ಹಣ ಉಳಿದರೆ ಇನ್ನೊಂದು ಕೆಲಸ ಮಾಡಿ: ಅಮೆರಿಕಕ್ಕೆ 1999ರ ಮಾದರಿಯಾಗಿ ಬಂದ ಎರಡನೇ ತಲೆಮಾರಿನ ಕಾರಿನ ಟಾಪ್ ಮೌಂಟ್ ಮತ್ತು ಬಂಪ್ ಸ್ಟಾಪ್ ಹುಡುಕಿ ಹಾಕಿ. ಮಾಜ್ಡಾದವರೇ ಆ ತಲೆಮಾರಿನಲ್ಲಿ ಶಾಕ್‌ನ ಚಲನೆಗೆ ಜಾಗ ಹೆಚ್ಚಿಸಿದರು, ನಿಮ್ಮ ಕಾರಿಗೂ ಅದು ಕೂರುತ್ತದೆ. ಕಾಯಿಲ್‌ಓವರ್‌ನ ಬೆಲೆಯಲ್ಲಿ ಚೂರು ಪಾಲು ಕೊಟ್ಟು ಅದಕ್ಕಿಂತ ದೊಡ್ಡ ಬದಲಾವಣೆ ಪಡೆಯುವುದು ಇಲ್ಲಿ.

ಮುಂದಿನ ಶಾಕ್ ಹೊರತೆಗೆಯಲು ಮೇಲಿನ ಆರ್ಮಿನ ಉದ್ದ ಬೋಲ್ಟ್ ಎಳೆದು ಆರ್ಮ್ ಪಕ್ಕಕ್ಕೆ ಸರಿಸಿದರೆ ಜಾಗ ಸಿಗುತ್ತದೆ. ಆ ಹೊತ್ತಿನಲ್ಲಿ ಹಬ್ಬಿನ ಭಾರ ಬ್ರೇಕ್ ಹೋಸ್ ಮೇಲೆ ಬೀಳದಂತೆ ತಂತಿಯಲ್ಲಿ ಕಟ್ಟಿ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬಗ್ಗೆ ಮಾತ್ರ ಗಂಭೀರವಾಗಿರಿ. ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ, ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಸುತ್ತಾ ಬನ್ನಿ. ಸ್ಪ್ರಿಂಗ್ ಮೇಲಿನ ತಟ್ಟೆಯಿಂದ ಬಿಟ್ಟು ಕೈಯಲ್ಲಿ ಆಡುವಂತಾದ ಮೇಲೆಯೇ ನಡುವಿನ ನಟ್ಟಿಗೆ ಸ್ಪ್ಯಾನರ್ ತಾಗಿಸಿ. ಮುಖವನ್ನು ಅದರ ಎದುರಿಗೆ ಇಡಬೇಡಿ. ಧೈರ್ಯ ಸಾಲದಿದ್ದರೆ ಶಾಕ್ ಬಿಚ್ಚಿಕೊಂಡು ಹೋಗಿ ಗ್ಯಾರೇಜಿನಲ್ಲಿ ಗೋಡೆಯ ಕಂಪ್ರೆಸರ್‌ನಲ್ಲಿ ಮಾಡಿಸಿ, ನಾಚಿಕೆಯೇನಿಲ್ಲ.

ಈಗ ಬುಷ್. ಇಲ್ಲೇ ನಿಮ್ಮ ಹೆಚ್ಚಿನ ದಿನಗಳು ಹೋಗುವುದು, ಕಾರು ಹೆಚ್ಚು ಬದಲಾಗುವುದೂ ಇಲ್ಲೇ.

ಕಂಪನಿಯ ರಬ್ಬರ್ ಬುಷ್ ಅಂದರೆ ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಕವಚ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರು. ಆರ್ಮ್ ಮೇಲೆ ಕೆಳಗೆ ಆಡಿದಾಗ ಏನೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ಮರಳುತ್ತದೆ. ಸದ್ದಿಲ್ಲ, ಗ್ರೀಸ್ ಬೇಡ, ರಸ್ತೆಯ ಸಣ್ಣ ನಡುಕವನ್ನೂ ನುಂಗಿಕೊಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನ್ ಬುಷ್ ಹಾಗಲ್ಲ. ಅದು ಕೊಳವೆಯ ಮೇಲೆ ಜಾರುತ್ತಾ ತಿರುಗುತ್ತದೆ. ಸರಿಯಾದ ಸಿಲಿಕೋನ್ ಗ್ರೀಸ್ ಇಲ್ಲದಿದ್ದರೆ ಹಳೇ ಮಂಚದ ಹಾಗೆ ಕಿರುಗುಟ್ಟುತ್ತದೆ. ಸ್ಟೀರಿಂಗ್ ಮಾತ್ರ ಚುರುಕಾಗುತ್ತದೆ. ಡಬಲ್ ವಿಶ್‌ಬೋನ್‌ನಲ್ಲಿ ಆರ್ಮ್‌ಗಳು ಹೆಚ್ಚುಕಡಿಮೆ ಒಂದೇ ಅಕ್ಷದಲ್ಲಿ ತಿರುಗುವುದರಿಂದ ಪಾಲಿ ಇಲ್ಲಿ ಹೊಂದಿಕೊಳ್ಳುತ್ತದೆ. ಹಲವು ದಿಕ್ಕಿಗೆ ತಿರುಚಬೇಕಾದ ಸಸ್ಪೆನ್ಷನ್‌ಗಳಲ್ಲಿ ಅದೇ ಪಾಲಿ ಕೀಲನ್ನೇ ಕಚ್ಚಿ ಹಿಡಿಯುತ್ತದೆ.

ವಾರಕ್ಕೊಮ್ಮೆ ಟ್ರ್ಯಾಕಿಗೆ ಹೋಗುವವರಿಗೆ ಪಾಲಿ ಸರಿ. ನಿಮಗೆ ರಬ್ಬರು ಸಾಕು. ತೊಡಕೇನೆಂದರೆ ಕಂಪನಿಯಿಂದ ಬುಷ್ ಬಿಡಿಯಾಗಿ ಸಿಗುವುದು ಕಷ್ಟ, ಆರ್ಮ್ ಸಮೇತ ಕೊಂಡರೆ ಕಾರಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಬೇರೆ ತಯಾರಕರ ರಬ್ಬರ್ ಬುಷ್ ಸೆಟ್ ಇವೆ. ಗುಣಮಟ್ಟ ನೋಡಿಕೊಂಡು ತನ್ನಿ, ತೀರಾ ಅಗ್ಗದ್ದು ಬೇಡ. ಒಳ್ಳೆಯ ರಬ್ಬರು ಸಿಗದಿದ್ದರೆ ಎನರ್ಜಿ ಸಸ್ಪೆನ್ಷನ್, ಪವರ್‌ಫ್ಲೆಕ್ಸ್, ಸೂಪರ್‌ಪ್ರೊ ಇವರಲ್ಲಿ ಯಾರದಾದರೂ ಪಾಲಿ ಹಾಕಿ, ಸ್ವಲ್ಪ ಒರಟನ್ನು ಸಹಿಸಿಕೊಳ್ಳಿ. ಪಾಲಿ ಸೆಟ್ ತಂದರೆ ಜೊತೆಗೆ ಬಂದ ಹಾಳೆಯನ್ನು, ಬುಷ್ ಒತ್ತಿ ತೆಗೆಯುವ ಪ್ರೆಸ್ ಮುಟ್ಟುವ ಮುಂಚೆ ಓದಿ. ಕೆಲವಕ್ಕೆ ಹಳೆ ಕವಚ ತೆಗೆಯಬೇಕು, ಕೆಲವು ಅದರೊಳಗೇ ಕೂರುತ್ತವೆ. ಹಳೆ ರಬ್ಬರನ್ನು ಸುಟ್ಟು ತೆಗೆಯುವ ವಿಡಿಯೊ ನೋಡಿರುತ್ತೀರಿ. ಹೊಗೆ ವಿಷ, ಪಕ್ಕದ ಮನೆಯವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರೂ ಆಶ್ಚರ್ಯವಿಲ್ಲ. ಹೈಡ್ರಾಲಿಕ್ ಪ್ರೆಸ್ಸೇ ಮೇಲು. ಬೆಂಗಳೂರಿನ ಜೆ.ಸಿ. ರೋಡಾಗಿದ್ದರೆ ಆರ್ಮ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಕಾಫಿ ಕುಡಿಯುವಷ್ಟರಲ್ಲಿ ಒತ್ತಿಸಿಕೊಂಡು ಬರಬಹುದಿತ್ತು. ಅಲ್ಲಿ ನೀವು ಮಷೀನ್ ಶಾಪ್ ಹುಡುಕಬೇಕು, ಇಲ್ಲವೇ ಸಣ್ಣ ಪ್ರೆಸ್ ಕೊಳ್ಳಬೇಕು. ಎಷ್ಟು ಬುಷ್ ಇದೆ ಎಂದು ನೋಡಿದರೆ ಪ್ರೆಸ್ ಕೊಳ್ಳುವುದೇ ಲಾಭ.

ಒಹಾಯೊ ಎಂದ ತಕ್ಷಣ ನನಗೆ ಭಯ ಹುಟ್ಟಿಸಿದ್ದು ಉಪ್ಪು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಈ ಕಾರುಗಳ ಹೊಟ್ಟೆಯನ್ನು ತಿಂದಿರುತ್ತದೆ. ಬಿಡಿಭಾಗ ತರಿಸುವ ಮೊದಲು ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿ, ಸಬ್‌ಫ್ರೇಮ್ (ಆರ್ಮ್‌ಗಳನ್ನು ಹೊತ್ತ ಉಕ್ಕಿನ ಚೌಕಟ್ಟು), ಆರ್ಮ್ ಕೂರುವ ಕಿವಿಗಳು, ಹಿಂದಿನ ಚಕ್ರದ ಮುಂದಿರುವ ಸಿಲ್ (ಬಾಗಿಲಡಿಯ ಅಂಚು) ಎಲ್ಲವನ್ನೂ ತಿವಿದು ನೋಡಿ. ಎಲ್ಲಾದರೂ ತೂತು ಬಿದ್ದರೆ ಮೊದಲ ಖರ್ಚು ವೆಲ್ಡಿಂಗಿಗೆ, ಬುಷ್ಷಿಗಲ್ಲ.

ತೂತಿಲ್ಲ ಎಂದಾದರೆ ಮುಂದಿನ ಶತ್ರು ಬೋಲ್ಟ್. ಕೆಳಗಿನ ಆರ್ಮ್‌ಗಳ ಒಳತುದಿಯಲ್ಲಿ, ನಾಲ್ಕೂ ಮೂಲೆ ಸೇರಿ, ತಿರುಗಿಸಿದರೆ ಆರ್ಮನ್ನು ಚೂರು ಸರಿಸುವ ಎಂಟು ಕ್ಯಾಮ್ ಬೋಲ್ಟ್‌ಗಳಿವೆ. ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ಬಹುಪಾಲು ಹೊಂದಿಸುವುದು ಇವುಗಳಿಂದಲೇ. ಬುಷ್‌ನ ಉಕ್ಕಿನ ಕೊಳವೆಗೆ ಈ ಬೋಲ್ಟ್ ತುಕ್ಕಿನಿಂದ ಬೆಸೆದುಕೊಂಡಿದ್ದರೆ ನಟ್ ಬಿಚ್ಚಿದರೂ ಬೋಲ್ಟ್ ತಿರುಗುವುದಿಲ್ಲ, ತಿರುಗಿದರೂ ರಬ್ಬರನ್ನೂ ಜೊತೆಗೆ ತಿರುಚುತ್ತದೆ. ಅದಕ್ಕಿಂತ ಹಟಮಾರಿ ಹಿಂದಿನ ಕೆಳ ಆರ್ಮಿನ ಹೊರತುದಿಯಲ್ಲಿ, ಚಕ್ರದ ಹಬ್ ಹೊತ್ತ ಅಪ್‌ರೈಟ್‌ನ ಉದ್ದಕ್ಕೂ ತೂರಿಹೋಗುವ ಬೋಲ್ಟ್. ಒಂದು ವಾರ ಮೊದಲಿನಿಂದಲೇ ದಿನಕ್ಕೊಮ್ಮೆ ತುಕ್ಕಿನೊಳಗೆ ಇಳಿಯುವ ಪೆನಿಟ್ರೇಟಿಂಗ್ ಆಯಿಲ್ ಹೊಡೆಯುತ್ತಾ ಬನ್ನಿ. ಸುತ್ತಿಗೆಯಲ್ಲಿ ಹೊಡೆಯುವುದಾದರೆ ನಟ್ಟನ್ನು ತುದಿಗೆ ಸಮನಾಗಿ ತಂದಿಟ್ಟು ಹೊಡೆಯಿರಿ, ಬೋಲ್ಟಿನ ತಿರುಪು ಉಳಿಯುತ್ತದೆ. ಬಿಸಿ ಮಾಡಬೇಕಾದರೆ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿವೆ ಎಂದು ನೋಡಿಕೊಳ್ಳಿ. ಬರಲೇ ಇಲ್ಲ ಅಂದರೆ ಆರ್ಮ್ ಮತ್ತು ಅಪ್‌ರೈಟ್ ನಡುವಿನ ಸಂದಿಯಲ್ಲಿ ಗರಗಸ ಹಾಕಿ ಕತ್ತರಿಸುವುದೇ ದಾರಿ. ಆದ್ದರಿಂದ ಕ್ಯಾಮ್ ಬೋಲ್ಟ್, ಆ ಉದ್ದ ಬೋಲ್ಟ್ ಎರಡನ್ನೂ ಹೊಸದು ತರಿಸಿಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ. ಕತ್ತರಿಸಿ ಹಾಕಿದ ಮೇಲೆ ಶನಿವಾರ ಸಂಜೆ ಅಂಗಡಿ ಹುಡುಕುವ ಪಾಡು ಬೇಡ. ಬಿಚ್ಚುವ ಮೊದಲು ಪ್ರತಿ ಕ್ಯಾಮಿನ ಗುರುತಿಗೂ ಬಿಳಿ ಪೇಂಟಿನ ಗೆರೆ ಎಳೆದು ಫೋಟೊ ತೆಗೆಯಿರಿ. ಹೊಸದನ್ನು ಕೂರಿಸುವಾಗ ಬೋಲ್ಟಿನ ನಯವಾದ ಮೈಗೆ, ಮುಂದೆ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಬಳಿಯಿರಿ.

ರಬ್ಬರ್ ಬುಷ್ ಹಾಕಿದವರಲ್ಲಿ ಬಹಳ ಜನ ಎಡವುವುದು ಕೊನೆಯ ಹಂತದಲ್ಲಿ. ಚಕ್ರ ಗಾಳಿಯಲ್ಲಿ ಜೋತುಬಿದ್ದಾಗ ಆರ್ಮ್ ಪೂರ್ತಿ ಕೆಳಗೆ ವಾಲಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟ್ ಬಿಗಿದರೆ ಒಳಗಿನ ಕೊಳವೆ ಅಲ್ಲಿಗೇ ಕಚ್ಚಿಕೊಳ್ಳುತ್ತದೆ. ಕಾರನ್ನು ಕೆಳಗಿಳಿಸಿದ ಕೂಡಲೇ ಆರ್ಮ್ ಮೇಲೇರಿ, ನಿಂತ ಕಾರಿನಲ್ಲೂ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಸ್ವಲ್ಪ ಕಾಲದಲ್ಲೇ ಸೀಳುತ್ತದೆ, ಕಾರೂ ಇರಬೇಕಾದ್ದಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ. ಅದಕ್ಕೇ ಜಾಕ್ ಏರಿಸುವ ಮುಂಚೆ, ಸಮತಟ್ಟಾದ ನೆಲದಲ್ಲಿ, ಹಬ್ಬಿನ ನಡುವಿನಿಂದ ಫೆಂಡರಿನ ಅಂಚಿಗೆ ಎಷ್ಟು ದೂರ ಎಂದು ನಾಲ್ಕೂ ಕಡೆ ಅಳೆದು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಜೋಡಿಸುವಾಗ ಬೋಲ್ಟ್‌ಗಳನ್ನು ಕೈಬಿಗಿಗೆ ಬಿಟ್ಟು, ಕೆಳ ಆರ್ಮಿನಡಿ ಜಾಕ್ ಕೊಟ್ಟು ಅದೇ ಅಳತೆಗೆ ತಂದು, ಆಗ ವರ್ಕ್‌ಶಾಪ್ ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಪಾಲಿಗೆ ಈ ರಗಳೆಯಿಲ್ಲ, ಅದು ಹೇಗಿದ್ದರೂ ಜಾರುತ್ತದೆ.

ಜಾಕ್ ಕೊಡುವುದು ಮುಂದೆ ಕ್ರಾಸ್‌ಮೆಂಬರಿನ ನಡುವೆ, ಹಿಂದೆ ಡಿಫರೆನ್ಷಿಯಲ್ ಅಡಿಗೆ, ಸ್ಟ್ಯಾಂಡ್ ಇಡುವುದು ಸಿಲ್‌ನ ಗುರುತಿನ ಜಾಗಕ್ಕೆ. ಸ್ಟ್ಯಾಂಡ್ ಇಲ್ಲದೆ ಜಾಕ್ ಮೇಲೆ ಮಾತ್ರ ನಿಂತ ಕಾರಿನಡಿ ಕೈ ಕೂಡ ಹಾಕಬೇಡಿ. ಚಕ್ರದ ನಟ್ 88ರಿಂದ 118 ನ್ಯೂಟನ್ ಮೀಟರ್.

ಅಲೈನ್‌ಮೆಂಟ್‌ಗೆ ಹೋಗುವ ತನಕ ಓಡಿಸುವಂತಿರಬೇಕಲ್ಲ, ಅದಕ್ಕೆ ಪೇಂಟಿನ ಗೆರೆಗೆ ಕ್ಯಾಮ್ ಕೂರಿಸಿ, ದಾರ ಕಟ್ಟಿ ಟೋ (ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂಬುದು) ಅಂದಾಜು ನೋಡಿಕೊಳ್ಳಿ. ಒಂದೆರಡು ವಾರ ನಿಧಾನಕ್ಕೆ ಓಡಿಸಿ ಎಲ್ಲ ಕೂತ ಮೇಲೆ ನಾಲ್ಕು ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಮುಂದಿನ ಟೋ ಮಾತ್ರ ಸರಿಪಡಿಸಿ ಬಿಲ್ ಕೊಡುವ ಅಂಗಡಿ ಬೇಡ, ಎಂಟೂ ಕ್ಯಾಮ್ ತಿರುಗಿಸಲು ಒಪ್ಪುವವರು ಬೇಕು, ಫೋನಿನಲ್ಲೇ ಕೇಳಿಬಿಡಿ. ರಸ್ತೆಯ ಮಿಯಾಟಾಗೆ ನಾನು ಹೇಳುವ ಅಳತೆ: ಮುಂದೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಮುಂದಿನ ಚಕ್ರ ತಿರುಗುವ ಅಕ್ಷದ ವಾಲು) ಎರಡು ಕಡೆಯೂ ಸಮನಾಗಿ 4.5ರಿಂದ 5, ಟೋ ಮುಂದೆ ಒಂದು, ಹಿಂದೆ ಎರಡು ಮಿಲಿಮೀಟರ್ ಒಳಕ್ಕೆ. ನಿಮ್ಮ ತೂಕದಷ್ಟು ಭಾರ ಡ್ರೈವರ್ ಸೀಟಿನಲ್ಲಿ ಇಡಿಸಿ, ಈ ಹಗುರದ ಕಾರಿಗೆ ಅದೂ ಲೆಕ್ಕಕ್ಕೆ ಬರುತ್ತದೆ. ಹೈವೇಯಲ್ಲಿ ಅಲೆದಾಡುವುದಕ್ಕೆ ಎಲ್ಲರೂ ಮುಂಭಾಗವನ್ನು ಬೈಯುತ್ತಾರೆ. ಹಿಂದಿನ ಒಂದು ಚಕ್ರ ಹೊರಕ್ಕೆ ಮುಖ ಮಾಡಿದ್ದರೂ ಇದೇ ತೊಂದರೆ ಬರುತ್ತದೆ, ಪ್ರಿಂಟ್‌ಔಟ್‌ನಲ್ಲಿ ಮೊದಲು ಹಿಂದಿನ ಟೋ ನೋಡಿ.

ನೀವೇ ಮಾಡಬಹುದಾ ಎಂದು ಕೇಳಿದ್ದಿರಿ. ಟೈರು, ಎಂಡ್ ಲಿಂಕ್, ಶಾಕ್ ಧಾರಾಳವಾಗಿ ಮಾಡಬಹುದು, ವಾರಾಂತ್ಯದ ಕೆಲಸ. ಬುಷ್‌ಗೆ ಮಾತ್ರ ಕಾರು ದಿನಗಟ್ಟಲೆ ಸ್ಟ್ಯಾಂಡ್ ಮೇಲೆ ಕೂರುತ್ತದೆ. ಓಡಾಟಕ್ಕೆ ಇನ್ನೊಂದು ಗಾಡಿ ಇದ್ದರೆ ಚಳಿಗಾಲದಲ್ಲಿ ಕೈ ಹಾಕಿ, ಹೇಗೂ ಉಪ್ಪಿನ ರಸ್ತೆಗೆ ಈ ಕಾರನ್ನು ಇಳಿಸಬಾರದು. ಒಂದೇ ಗಾಡಿ ಆದರೆ ಮುಂಭಾಗ ಒಮ್ಮೆ, ಹಿಂಭಾಗ ಒಮ್ಮೆ ಮಾಡಿ, ಪ್ರತಿ ಸಲವೂ ಅಲೈನ್‌ಮೆಂಟಿಗೆ ದುಡ್ಡು ತೆಗೆದಿಡಿ. ಸದ್ಯಕ್ಕೆ ಈ ಶನಿವಾರ ಟೈರಿನ ನಾಲ್ಕು ಅಂಕಿ ಓದಿ, ಗಾಳಿ 26ಕ್ಕೆ ಇಳಿಸಿ, ಎಂಡ್ ಲಿಂಕ್ ಕಳಚಿ ಒಂದು ಸುತ್ತು ಹೋಗಿ. ಸದ್ದು ಹೋಯಿತೋ ಇಲ್ಲವೋ ಬರೆಯಿರಿ, ಜೊತೆಗೆ ಹಿಂದಿನ ಆ ಉದ್ದ ಬೋಲ್ಟಿನ ಫೋಟೊ ಕಳಿಸಿ. ಅದು ಬಿಚ್ಚಿಬರುವ ಜಾತಿಯದೋ, ಗರಗಸ ಬೇಡುವ ಜಾತಿಯದೋ ತುಕ್ಕು ನೋಡಿದರೆ ಹೇಳಬಹುದು.